ದುಡಿಮೆಯೂ ಮನಸ್ಸೂ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಈಗ ಉಪಾಧ್ಯಾಯಿನಿಯರಾಗಿದ್ದಾರೆ. ಕೆಲವರು ದಾದಿಯರಾಗಿ ರೋಗಿಗಳ ಶುಶ್ರೂಷೆ ಮಾಡುತ್ತಿದ್ದಾರೆ. ಕೆಲವರು ಕಚೇರಿಗಳಲ್ಲಿಯೂ, ಜನರು ಗಾರ್ಮೆಂಟ್ಸ್ ಎಂದು ಕರೆಯುವ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿಯೂ ದುಡಿಯುತ್ತಿದ್ದಾರೆ. ಬಹುಮಂದಿ ಮನೆ, ಗದ್ದೆ, ಹಸು, ರೇಷ್ಮೆಹುಳು ಇವುಗಳನ್ನು ನೋಡಿಕೊಂಡು ಸಂಸಾರವನ್ನು ನಡೆಸುತ್ತಿದ್ದಾರೆ. ಇವರು ನಮ್ಮನ್ನು ಕಾಣಲು ಬಂದಾಗ “ಏನಮ್ಮಾ, ಕೆಲಸ ಹೇಗೆ ನಡೆದಿದೆ?” ಎಂದು ಕೇಳುವುದು ನಮ್ಮ ವಾಡಿಕೆ. ಅದಕ್ಕೆ ಬರುವ ಉತ್ತರವು ಕೆಲಸದ ವಿಷಯವಾಗಿರುವುದು ಅಪರೂಪ. “ಮೈಮುರಿಯುವಷ್ಟು ಕೆಲಸ, ಟೀಚರ್, ಆದರೂ ಮನಸ್ಸಿಗೆ ನೆಮ್ಮದಿಯಾಗಿದೆ” ಎಂದು ಒಬ್ಬಳು ಹೇಳುವಳು. “ಕೆಲಸವೇನೋ ಹಗುರವೇ, ಆದರೆ ರಾತ್ರಿ ನಿದ್ದೆ ಬರುವುದಿಲ್ಲ” ಎಂದು ಮತ್ತೊಬ್ಬಳು ಹೇಳುವಳು. ಕೆಲಸದ ಭಾರವೂ ಮನಸ್ಸಿನ ಭಾರವೂ ಒಂದೇ ಅಲ್ಲವೆಂಬುದು ಇದರಿಂದ ತಿಳಿಯುತ್ತದೆ. ಹಾಗಾದರೆ ಇವೆರಡಕ್ಕೂ ಇರುವ ಸಂಬಂಧವೇನು? ಒಂದು ದುಡಿಮೆಯು ಮನಸ್ಸನ್ನು ಬೆಳೆಸುವುದೂ, ಇನ್ನೊಂದು ದುಡಿಮೆಯು ಅದನ್ನು ಬಾಡಿಸುವುದೂ ಏತರಿಂದ? ಈ ವಿಷಯವನ್ನು ತಾಯಿತಂದೆಗಳೂ ನಮ್ಮ ಹಳೆಯ ಮಕ್ಕಳೂ ತಿಳಿದಿರುವುದು ಹಿತವೆಂದು ಎಣಿಸಿ, ನಮಗೆ ತಿಳಿದಷ್ಟನ್ನು ಇಲ್ಲಿ ವಿವರಿಸುತ್ತೇವೆ.

ಕೆಲಸವೆಂದರೆ ಕೂಲಿ, ಕೂಲಿಯೆಂದರೆ ಅನ್ನ ಎಂಬುದು ಸಾಮಾನ್ಯ ತಿಳಿವಳಿಕೆ. ಇದು ನಿಜವೇ, ಆದರೆ ಪೂರ್ತಿ ನಿಜವಲ್ಲ. ಆಸ್ಟ್ರಿಯಾ ದೇಶದ ವಿಯೆನ್ನಾ ಪಟ್ಟಣದ ಹತ್ತಿರ ಮಾರಿಯೆಂತಾಲ್ ಎಂಬ ಒಂದು ಸಣ್ಣ ಊರುಂಟು. ಆ ಊರಿನ ಜನರೆಲ್ಲರೂ ಒಂದೇ ನೂಲಿನ ಕಾರ್ಖಾನೆಯನ್ನು ನಂಬಿಕೊಂಡಿದ್ದರು. ಲೋಕದಲ್ಲೆಲ್ಲ ವ್ಯಾಪಾರವು ಕುಸಿದ ಕಾಲದಲ್ಲಿ ಆ ಕಾರ್ಖಾನೆಯು ಮುಚ್ಚಿಹೋಯಿತು. ಮರಿಯೆ ಯಹೋಡ ಎಂಬ ವಿದುಷಿಯೂ ಆಕೆಯ ಜೊತೆಗಾರರೂ ಆ ಊರಿಗೆ ಹೋಗಿ, ಕೆಲಸವಿಲ್ಲದ ಜನರ ಬಾಳನ್ನು ಹತ್ತಿರದಿಂದ ನೋಡಿ, 1933ನೆಯ ಇಸವಿಯಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಅವರು ಕಂಡದ್ದು ಆಶ್ಚರ್ಯಕರವಾಗಿತ್ತು. ಕೆಲಸವಿಲ್ಲದವರಿಗೆ ದಿನವೆಲ್ಲ ಬಿಡುವು; ಆದಕಾರಣ ಅವರು ಹೆಚ್ಚು ಓದಬಹುದೆಂದು ಯಾರೂ ಊಹಿಸುವರು. ಆದರೆ ಊರಿನ ಪುಸ್ತಕಾಲಯದಿಂದ ಪುಸ್ತಕಗಳನ್ನು ಕೊಂಡೊಯ್ಯುವುದು ಮೊದಲಿಗಿಂತ ಬಹಳ ಕಡಿಮೆಯಾಗಿತ್ತು. ಗಂಡಸರು ಬೀದಿಯಲ್ಲಿ ನಡೆಯುವ ವೇಗವೂ ತಗ್ಗಿತ್ತು. ನಾಲ್ಕು ಹೆಜ್ಜೆ ಇಟ್ಟು ನಿಲ್ಲುವರು, ಮತ್ತೆ ನಡೆಯುವರು. ಬೆಳಗಿನಿಂದ ಏನು ಮಾಡಿದಿರೆಂದು ಕೇಳಿದರೆ ಅವರಿಗೆ ಹೇಳಲು ತೋಚುತ್ತಿರಲಿಲ್ಲ. ಹೆಂಗಸರಾದರೋ ಅವರಿಗಿಂತ ಬೇಗಬೇಗ ನಡೆಯುತ್ತಿದ್ದರು. ಏಕೆಂದರೆ ಅವರಿಗೆ ಮನೆಗೆಲಸವು ತಪ್ಪಿರಲಿಲ್ಲ.

ಕೆಲಸವು ಮನುಷ್ಯನಿಗೆ ಕೂಲಿಯಲ್ಲದೆ ಬೇರೆ ಐದು ವಸ್ತುಗಳನ್ನು ಕೊಡುತ್ತದೆಂದು ಯಹೋಡರು ಮುಂದೆ ವಿವರಿಸಿದರು. ದಿನಕ್ಕೊಂದು ಕ್ರಮ, ಮನೆಯವರಲ್ಲದ ನಾಲ್ಕು ಜನರ ಒಡನಾಟ, ತಾನೊಬ್ಬನೇ ಸಾಧಿಸಲಾರದ ಕಾರ್ಯದಲ್ಲಿ ತನಗೂ ಪಾಲುಂಟೆಂಬ ಭಾವನೆ, ಜನರ ನಡುವೆ ಒಂದು ಸ್ಥಾನ, ಸುಮ್ಮನೆ ಕೂರದಂತೆ ಕೈಕಾಲಿಗೆ ವ್ಯಾಪಾರ. ಇವು ಕಣ್ಣಿಗೆ ಕಾಣುವಂಥವಲ್ಲ. ಕಳೆದುಹೋದಾಗಲೇ ಅವುಗಳ ಬೆಲೆ ತಿಳಿಯುವುದು. ಇದನ್ನು ತಿಳಿಯಲು ನಾವು ಆಸ್ಟ್ರಿಯಾದವರೆಗೂ ಹೋಗಬೇಕಾಗಿಲ್ಲ. ಮದ್ದೂರು ಮಳವಳ್ಳಿ ತಾಲ್ಲೂಕುಗಳು ವಿಶ್ವೇಶ್ವರಯ್ಯ ನಾಲೆಯ ಕೊನೆಭಾಗದಲ್ಲಿರುವ ಸೀಮೆ. ಕನ್ನಂಬಾಡಿ ಕಟ್ಟೆ ತುಂಬದ ವರ್ಷ ಇಲ್ಲಿಯ ಗದ್ದೆಗಳಿಗೆ ನೀರು ಬರುವುದು ಸಂದೇಹವೇ. 2023ನೆಯ ಇಸವಿಯ ಬರಗಾಲದಲ್ಲಿ ನಮ್ಮ ಕೊಪ್ಪದ ಸುತ್ತಿನ ಹಳ್ಳಿಗಳ ಜಗಲಿಗಳ ಮೇಲೆ ಗಂಡಸರು ಗದ್ದೆಯ ಕಡೆ ನೋಡುತ್ತ ಕುಳಿತಿದ್ದುದನ್ನು ಕಂಡವರಿಗೆ ಮಾರಿಯೆಂತಾಲಿನ ವೃತ್ತಾಂತವು ಹೊಸದಾಗಿ ತೋರಲಾರದು. ಅವರನ್ನು ಬಾಧಿಸಿದ್ದು ಹಸಿವೊಂದೇ ಅಲ್ಲ. ನಾಳೆ ಬೆಳಿಗ್ಗೆ ಎದ್ದು ಮಾಡತಕ್ಕದ್ದೇನೂ ಇಲ್ಲವೆಂಬ ಭಾವನೆಯು ಅವರನ್ನು ಇನ್ನೂ ಹೆಚ್ಚಾಗಿ ಕುಗ್ಗಿಸಿತು.

ಹಾಗಾದರೆ ಕೆಲಸವಿದ್ದರೆ ಸಾಕು, ಮನಸ್ಸು ಸುಖವಾಗಿರುವುದೆಂದು ಹೇಳಬಹುದೋ? ಇಲ್ಲ. ಕೆಲಸದ ಒಳಗೇ ಮನಸ್ಸನ್ನು ತಿನ್ನುವ ಹುಳುಗಳಿರಬಹುದು. ಇವುಗಳಲ್ಲಿ ಮೂರನ್ನು ಮುಖ್ಯವಾಗಿ ಹೇಳತಕ್ಕದ್ದಾಗಿದೆ.

ಮೊದಲನೆಯದು, ತನ್ನ ಕೆಲಸದಲ್ಲಿ ತನಗೆ ಸ್ವಾತಂತ್ರ್ಯವಿಲ್ಲದಿರುವುದು. ಲಂಡನ್ನಿನ ಸರ್ಕಾರಿ ಕಚೇರಿಗಳ ಸುಮಾರು 18,000 ಗಂಡಸರ ಆರೋಗ್ಯವನ್ನು 1967ನೆಯ ಇಸವಿಯಿಂದ ವೈದ್ಯರು ಪರೀಕ್ಷಿಸುತ್ತ ಬಂದರು. ದೊಡ್ಡ ಅಧಿಕಾರಿಗಳಿಗೆ ಹೊಣೆ ಹೆಚ್ಚು, ಆದ್ದರಿಂದ ಹೃದ್ರೋಗವೂ ಅವರಿಗೇ ಹೆಚ್ಚೆಂದು ಎಲ್ಲರೂ ನಂಬಿದ್ದರು. ಫಲವು ತಲೆಕೆಳಗಾಯಿತು. ಬಾಗಿಲು ಕಾಯುವವರು, ಕಾಗದ ಹಂಚುವವರು ಮುಂತಾದ ಕೆಳದರ್ಜೆಯ ನೌಕರರಲ್ಲಿ ಹೃದ್ರೋಗದಿಂದ ಉಂಟಾದ ಮರಣವು ಮೇಲಧಿಕಾರಿಗಳಲ್ಲಿ ಉಂಟಾದುದರ ಮೂರರಷ್ಟಿತ್ತು. ಬಡತನ, ಹೊಗೆಸೊಪ್ಪು ಮುಂತಾದ ಕಾರಣಗಳನ್ನು ಲೆಕ್ಕಕ್ಕೆ ಹಿಡಿದರೂ ಈ ವ್ಯತ್ಯಾಸವು ಪೂರ್ತಿಯಾಗಿ ಹೋಗಲಿಲ್ಲ. 1985ರಲ್ಲಿ ಸ್ತ್ರೀಯರನ್ನೂ ಸೇರಿಸಿಕೊಂಡು ಆರಂಭಿಸಿದ ಎರಡನೆಯ ಪರೀಕ್ಷೆಯಲ್ಲಿ, ತಮ್ಮ ಕೆಲಸವನ್ನು ಯಾವಾಗ, ಯಾವ ರೀತಿ ಮಾಡಬೇಕೆಂಬುದರಲ್ಲಿ ತಮ್ಮ ಮಾತು ನಡೆಯದವರಿಗೆ ಅಪಾಯವು ಹೆಚ್ಚೆಂಬುದು ಕಂಡುಬಂದಿತು. ಅಮೆರಿಕಾ ದೇಶದ ರಾಬರ್ಟ್ ಕರಾಸೆಕ್ ಎಂಬವರು 1979ರಲ್ಲಿ ಇದೇ ಅಭಿಪ್ರಾಯವನ್ನು ಸೂತ್ರರೂಪವಾಗಿ ಹೇಳಿದ್ದರು: ಕೆಲಸದ ಒತ್ತಡವು ಹೆಚ್ಚಾಗಿದ್ದು, ಅದನ್ನು ನಡೆಸುವ ಅಧಿಕಾರವು ಕಡಿಮೆಯಾಗಿದ್ದರೆ ಮನಸ್ಸು ಬಳಲುವುದು, ಒತ್ತಡವೂ ಅಧಿಕಾರವೂ ಎರಡೂ ಹೆಚ್ಚಾಗಿದ್ದರೆ ಮನಸ್ಸು ಬೆಳೆಯುವುದು.

ರೇಷ್ಮೆಹುಳುವಿನ ಮನೆಯನ್ನು ನೋಡಿದವರಿಗೆ ಈ ಸೂತ್ರವು ಸುಲಭವಾಗಿ ಅರ್ಥವಾಗುವುದು. ಹುಳುವು ಕೊನೆಯ ಜ್ವರದಿಂದ ಎದ್ದ ಮೇಲೆ ಅದಕ್ಕೆ ಹಸಿವು ಅಪಾರ. ಆ ಒಂದು ವಾರ ಮನೆಯ ಹೆಂಗಸಿಗೆ ಹಗಲೆನ್ನುವುದಿಲ್ಲ, ಇರುಳೆನ್ನುವುದಿಲ್ಲ. ಸೊಪ್ಪು ತರುವುದು, ಹಾಕುವುದು, ಹಿಕ್ಕೆ ತೆಗೆಯುವುದು. ಆದರೂ ಹುಳುಗಳು ಹಣ್ಣಾಗಿ ಚಂದ್ರಿಕೆಗೆ ಏರುವಾಗ ಅವಳ ಮುಖದಲ್ಲಿ ಕಳೆಯುಂಟು. ಏಕೆಂದರೆ ಯಾವಾಗ ಸೊಪ್ಪು ಹಾಕಬೇಕು, ಯಾವಾಗ ಕಿಟಕಿ ತೆರೆಯಬೇಕು ಎಂಬುದನ್ನು ಹುಳುವನ್ನು ನೋಡಿ ಅವಳೇ ನಿಶ್ಚಯಿಸಿದ್ದಾಳೆ. ಅವಳ ಬುದ್ಧಿಯು ಆ ಗೂಡಿನಲ್ಲಿ ಸೇರಿದೆ. ಅದೇ ಹೆಂಗಸಿನ ಮಗಳು ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತು, ದಿನವೆಲ್ಲ ಅಂಗಿಯ ಒಂದೇ ಒಂದು ಭಾಗವನ್ನು, ಗಂಟೆಗೆ ಇಷ್ಟೆಂದು ಬೇರೆಯವರು ಗೊತ್ತುಮಾಡಿದ ಲೆಕ್ಕದಂತೆ ಹೊಲಿಯುತ್ತಾಳೆ. ಮೈಗೆ ಆಗುವ ಶ್ರಮವನ್ನು ನೋಡಿದರೆ ತಾಯಿಯದೇ ಹೆಚ್ಚಿರಬಹುದು. ಆದರೆ ಮಗಳು ಸಂಜೆ ಮನೆಗೆ ಬಂದು ಮಾತಿಲ್ಲದೆ ಮಲಗುತ್ತಾಳೆ. “ನಾನು ಇಷ್ಟು ದುಡಿದೆ, ನಿನಗೇನು ಬಂತು?” ಎಂದು ತಾಯಿ ಕೇಳುವುದು ಸಹಜ, ಆದರೆ ಆ ಪ್ರಶ್ನೆಯು ನ್ಯಾಯವಾದದ್ದಲ್ಲ.

ಎರಡನೆಯದು, ಪಟ್ಟ ಶ್ರಮಕ್ಕೂ ಪಡೆದ ಫಲಕ್ಕೂ ಹೊಂದಿಕೆಯಿಲ್ಲದಿರುವುದು. ಫಲವೆಂದರೆ ಹಣವೊಂದೇ ಅಲ್ಲ. ಮರ್ಯಾದೆ, ಭದ್ರತೆ, ಒಂದು ಒಳ್ಳೆಯ ಮಾತು ಇವೂ ಫಲಗಳೇ. ಈ ವಿಷಯದಲ್ಲಿ ಮಂಡ್ಯ ಜಿಲ್ಲೆಯವರಾದ ನಮಗೆ ಕಹಿಯಾದ ಪಾಠವುಂಟು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆಯ ಕಂಪನಿಯು ಸ್ಥಾಪಿತವಾದಂದಿನಿಂದ ಕಬ್ಬು ನಮ್ಮ ಸೀಮೆಯ ಜೀವಾಳವಾಗಿದೆ. ನಮ್ಮ ಕೊಪ್ಪದಲ್ಲಿಯೂ ಸಕ್ಕರೆಯ ಕಾರ್ಖಾನೆಯುಂಟು. ಕಬ್ಬು ಕೈಗೆ ಬರಲು ಸುಮಾರು ಒಂದು ವರ್ಷ ಬೇಕು. ಅಷ್ಟು ಕಾಲವೂ ಬೆಳೆಗಾರನು ಸಾಲ ತಂದು, ಗೊಬ್ಬರ ಹಾಕಿ, ನೀರಿಗೆ ಕಾದು ದುಡಿಯುತ್ತಾನೆ. ಕಾರ್ಖಾನೆಗೆ ಕಬ್ಬು ಮುಟ್ಟಿದ 14 ದಿನಗಳೊಳಗೆ ಹಣವು ಸಲ್ಲಬೇಕೆಂದೂ, ತಪ್ಪಿದರೆ ವರ್ಷಕ್ಕೆ ನೂರಕ್ಕೆ 15ರಂತೆ ಬಡ್ಡಿ ಸೇರಬೇಕೆಂದೂ 1966ನೆಯ ಇಸವಿಯ ಕಬ್ಬು ನಿಯಂತ್ರಣ ಆಜ್ಞೆಯು ವಿಧಿಸಿದೆ. ಆದರೆ 2015ರಲ್ಲಿ ಸಕ್ಕರೆಯ ಬೆಲೆ ಕುಸಿದು, ರಾಜ್ಯದ ಕಬ್ಬು ಬೆಳೆಗಾರರಿಗೆ ಬರತಕ್ಕ ಬಾಕಿಯು ತಿಂಗಳುಗಟ್ಟಲೆ ನಿಂತುಹೋಯಿತು. ಆ ವರ್ಷದ ಮುಂಗಾರಿನ ತಿಂಗಳುಗಳಲ್ಲಿ ನಮ್ಮ ಜಿಲ್ಲೆಯಲ್ಲಿ ಅನೇಕ ರೈತರು ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ಅವರ ಮಕ್ಕಳಂಥ ಮಕ್ಕಳು ನಮ್ಮ ಹಳ್ಳಿಗಳ ಶಾಲೆಗಳಲ್ಲಿ ಕುಳಿತಿದ್ದರು.

ಇಂಥ ಮರಣಕ್ಕೆ ಒಂದೇ ಕಾರಣವನ್ನು ಹೇಳುವುದು ಸರಿಯಲ್ಲ. ಸಾಲ, ಬರ, ಕುಡಿತ, ಕಾಯಿಲೆ, ಮನೆಯ ತೊಡಕು, ಇವೆಲ್ಲವೂ ಹೆಣೆದುಕೊಂಡಿರುತ್ತವೆ. ಆದರೂ ನಾವು ಗಮನಿಸತಕ್ಕದ್ದು ಒಂದುಂಟು. ಸಾಲವೆಂಬುದು ಅಂಕಿಗಳಲ್ಲಿ ಬರೆಯಬಹುದಾದ ವಸ್ತು. ಸಾಲಗಾರನು ಮನೆಯ ಮುಂದೆ ನಿಂತಾಗ ಆಗುವ ಅವಮಾನವನ್ನು ಯಾವ ಲೆಕ್ಕದ ಪುಸ್ತಕದಲ್ಲಿಯೂ ಬರೆಯಲಾಗದು. “ನಾನು ದುಡಿದೆನು, ತಪ್ಪು ಮಾಡಲಿಲ್ಲ, ಆದರೂ ತಲೆಯೆತ್ತಿ ನಡೆಯಲಾರೆನು” ಎಂಬ ಭಾವನೆಯು ಕೆಲಸದಿಂದಲೇ ಹುಟ್ಟಿದ ಮನೋವ್ಯಥೆಯಾಗಿದೆ. ಅದನ್ನು ಮನೆಯವರೊಡನೆ ಹೇಳಿಕೊಳ್ಳುವುದು ಗಂಡಸಿಗೆ ಶೋಭಿಸದೆಂದು ನಮ್ಮ ಸಮಾಜವು ಕಲಿಸಿದೆ. ಈ ಮೌನವು ವ್ಯಥೆಯನ್ನು ಇಮ್ಮಡಿಮಾಡುತ್ತದೆ.

ಸ್ತ್ರೀಯರೂ ಇದೇ ಅನ್ಯಾಯವನ್ನು ಬಲ್ಲರು. ನೌಕರಿಯಲ್ಲಿ ಕೂಡಿಟ್ಟ ಭವಿಷ್ಯನಿಧಿಯ ಹಣದಲ್ಲಿ ಯಜಮಾನರು ಸಲ್ಲಿಸಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯಕೂಡದೆಂಬ ನಿಯಮವು ಬಂದಾಗ, 2016ನೆಯ ಇಸವಿ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಗಳ ಸ್ತ್ರೀಯರು ಅಪಾರ ಸಂಖ್ಯೆಯಲ್ಲಿ ಬೀದಿಗಿಳಿದರು. ಸರ್ಕಾರವು ಆ ನಿಯಮವನ್ನು ಹಿಂದೆಗೆದುಕೊಂಡಿತು. ಮಗಳ ಮದುವೆಗೋ, ಮಗನ ಓದಿಗೋ ಎಂದು ಎಣಿಸಿದ್ದ ತಮ್ಮ ದುಡಿಮೆಯ ಫಲವು ಕೈಗೆಟುಕದಷ್ಟು ದೂರ ಹೋಗುವುದನ್ನು ಅವರು ಸಹಿಸಲಿಲ್ಲ. ಇದನ್ನು ಹಣದ ಜಗಳವೆಂದು ಮಾತ್ರ ತಿಳಿಯುವವರು ದುಡಿಯುವವರ ಮನಸ್ಸನ್ನು ಅರಿತವರಲ್ಲ.

ಮೂರನೆಯದು, ಮಾಡಿದ ಕೆಲಸವು ಯಾರ ಕಣ್ಣಿಗೂ ಬೀಳದಿರುವುದು. ಇಂಥ ಕೆಲಸಗಳಲ್ಲಿ ಮನೆಗೆಲಸವೇ ಪ್ರಧಾನವಾದದ್ದು. ಭಾರತ ಸರ್ಕಾರವು ಜನರು ದಿನದ 24 ಗಂಟೆಗಳನ್ನು ಹೇಗೆ ಕಳೆಯುತ್ತಾರೆಂಬುದನ್ನು 2019ರಲ್ಲಿ ದೇಶದಲ್ಲೆಲ್ಲ ವಿಚಾರಿಸಿತು. ಕೂಲಿಯಿಲ್ಲದ ಮನೆಗೆಲಸವನ್ನು ಮಾಡುವ ಸ್ತ್ರೀಯು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷಗಳನ್ನು ಕಳೆಯುತ್ತಾಳೆಂದೂ, ಅಂಥ ಕೆಲಸವನ್ನು ಮಾಡುವ ಪುರುಷನು 97 ನಿಮಿಷಗಳನ್ನು ಕಳೆಯುತ್ತಾನೆಂದೂ ಅದರಿಂದ ತಿಳಿದುಬಂದಿತು. ಎಂದರೆ ಅವಳಿಗೆ ಐದು ಗಂಟೆ, ಅವನಿಗೆ ಒಂದೂವರೆ ಗಂಟೆ. ಅನೇಕ ಗಂಡಸರು ಆ ಕೆಲಸವನ್ನು ಮಾಡುವುದೇ ಇಲ್ಲವೆಂಬುದನ್ನೂ ಇದಕ್ಕೆ ಸೇರಿಸಿಕೊಳ್ಳಬೇಕು. ಹೊಲಿದ ಅಂಗಿಯು ಉಳಿಯುವುದು. ಬೆಳಗಿದ ಪಾತ್ರೆಯು ಮಧ್ಯಾಹ್ನಕ್ಕೆ ಮತ್ತೆ ಮಸಿಯಾಗುವುದು. ಮುದ್ದೆ ಸರಿಯಾಗಿದ್ದ ದಿನ ಯಾರೂ ಮಾತಾಡುವುದಿಲ್ಲ. ಗಂಟಾದ ದಿನ ಎಲ್ಲರೂ ಮಾತಾಡುತ್ತಾರೆ. “ನಿಮ್ಮ ತಾಯಿ ಏನು ಕೆಲಸ ಮಾಡುತ್ತಾರೆ?” ಎಂದು ಹುಡುಗಿಯನ್ನು ಕೇಳಿದರೆ “ಏನೂ ಇಲ್ಲ, ಮನೆಯಲ್ಲಿದ್ದಾರೆ” ಎಂಬ ಉತ್ತರವನ್ನು ನಾವು ಶಾಲೆಗೆ ಸೇರಿಸಿಕೊಳ್ಳುವ ದಿನಗಳಲ್ಲಿ ಎಷ್ಟು ಸಾರಿ ಕೇಳಿದ್ದೇವೋ ಲೆಕ್ಕವಿಲ್ಲ. ಆ ತಾಯಿಯು ಬದಿಯಲ್ಲೇ ನಿಂತು ಅದನ್ನು ಕೇಳುತ್ತಿರುತ್ತಾಳೆ. ಐದು ಗಂಟೆಗಳ ದುಡಿಮೆಗೆ ‘ಏನೂ ಇಲ್ಲ’ ಎಂಬ ಹೆಸರನ್ನು ಇಟ್ಟರೆ, ದುಡಿದವಳು ತನ್ನನ್ನೂ ‘ಏನೂ ಅಲ್ಲ’ ಎಂದುಕೊಳ್ಳುವುದು ಸೋಜಿಗವಲ್ಲ.

ಉಪಾಧ್ಯಾಯಿನಿಯರಿಗೂ ದಾದಿಯರಿಗೂ ಇನ್ನೊಂದು ಬಗೆಯ ಕಾಣದ ದುಡಿಮೆಯುಂಟು. ತನಗೆ ಎಷ್ಟೇ ದುಃಖವಿದ್ದರೂ ರೋಗಿಯ ಮುಂದೆ ದಾದಿಯು ಹಸನ್ಮುಖಳಾಗಿರಬೇಕು. ಎಷ್ಟೇ ಸಿಟ್ಟು ಬಂದರೂ ಮಕ್ಕಳ ಮುಂದೆ ಉಪಾಧ್ಯಾಯಿನಿಯು ಶಾಂತಳಾಗಿರಬೇಕು. ಭಾವನೆಯನ್ನು ಅಡಗಿಸುವುದೂ, ಇಲ್ಲದ ಭಾವನೆಯನ್ನು ತೋರಿಸುವುದೂ ಒಂದು ಕೆಲಸವೇ ಎಂಬುದನ್ನು ಆರ್ಲಿ ಹಾಕ್‌ಶೀಲ್ಡ್ ಎಂಬ ಅಮೆರಿಕಾದ ವಿದುಷಿಯು ವಿಮಾನಗಳಲ್ಲಿ ಉಪಚಾರ ಮಾಡುವ ಸ್ತ್ರೀಯರನ್ನು ನೋಡಿ 1983ರಲ್ಲಿ ಬರೆದ ಗ್ರಂಥದಲ್ಲಿ ತೋರಿಸಿದರು. ಈ ಕೆಲಸವು ಸಂಜೆಗೆ ಮುಗಿಯುವುದಿಲ್ಲ. ಹಗಲೆಲ್ಲ ಪರರ ಮಕ್ಕಳೊಡನೆ ತಾಳ್ಮೆಯನ್ನು ಖರ್ಚುಮಾಡಿ ಬಂದವಳಿಗೆ ತನ್ನ ಮಗುವಿನೊಡನೆ ತಾಳ್ಮೆಯು ಉಳಿದಿರುವುದಿಲ್ಲ. ಆಮೇಲೆ ತಾನು ಕೆಟ್ಟ ತಾಯಿಯೆಂದು ತನ್ನನ್ನೇ ಹಳಿದುಕೊಳ್ಳುವಳು. ಅವಳು ಕೆಟ್ಟ ತಾಯಿಯಲ್ಲ, ದಣಿದ ಕೆಲಸಗಾರಳು.

ಇಂಥ ದಣಿವು ಬಹುಕಾಲ ಮುಂದುವರಿದರೆ ಮನಸ್ಸು ಉರಿದು ಬೂದಿಯಾದಂತಾಗುವುದು. ವಿಶ್ವ ಆರೋಗ್ಯ ಸಂಸ್ಥೆಯು ಇದನ್ನು 2019ರಲ್ಲಿ ಕೆಲಸಕ್ಕೆ ಸಂಬಂಧಪಟ್ಟ ಒಂದು ಸ್ಥಿತಿಯೆಂದು ವಿವರಿಸಿ, ಅದಕ್ಕೆ ಮೂರು ಲಕ್ಷಣಗಳನ್ನು ಹೇಳಿದೆ: ಶಕ್ತಿಯೆಲ್ಲ ಬತ್ತಿಹೋದ ಅನುಭವ, ತನ್ನ ಕೆಲಸದ ಮೇಲೆಯೇ ಜಿಗುಪ್ಸೆ, ತನ್ನಿಂದ ಏನೂ ಆಗುವುದಿಲ್ಲವೆಂಬ ಭಾವನೆ. ಇದು ಹೊಸ ಕಾಲದ ರೋಗವೆಂದು ಕೆಲವರು ಹೇಳುವರು. ಸತ್ಯವೇದವನ್ನು ಓದಿದವರು ಹಾಗೆ ಹೇಳಲಾರರು. ಪ್ರವಾದಿಯಾದ ಎಲೀಯನು ಕರ್ಮೆಲ್ ಬೆಟ್ಟದ ಮೇಲೆ ತನ್ನ ಜೀವಮಾನದ ಮಹಾಕಾರ್ಯವನ್ನು ಮುಗಿಸಿದ ಮೇಲೆ, ರಾಣಿಯ ಬೆದರಿಕೆಗೆ ಹೆದರಿ ಅರಣ್ಯಕ್ಕೆ ಓಡಿ, ಒಂದು ಜಾಲೀಗಿಡದ ಕೆಳಗೆ ಕುಳಿತು ತನಗೆ ಮರಣವೇ ಬರಲೆಂದು ಬೇಡಿಕೊಂಡನು. ಆಗ ದೇವರು ಅವನನ್ನು ಗದರಿಸಲಿಲ್ಲ. ನಿನ್ನ ನಂಬಿಕೆಯೆಲ್ಲಿ ಎಂದು ಕೇಳಲಿಲ್ಲ. ಅವನಿಗೆ ನಿದ್ರೆ ಬಂತು. ದೂತನು ತಟ್ಟಿ ಎಬ್ಬಿಸಿ ರೊಟ್ಟಿಯನ್ನೂ ನೀರನ್ನೂ ಕೊಟ್ಟನು. ಅವನು ತಿಂದು ಕುಡಿದು ಮತ್ತೆ ಮಲಗಿದನು. ದೂತನು ಎರಡನೆಯ ಸಾರಿಯೂ ಎಬ್ಬಿಸಿ ಉಣ್ಣಿಸಿದನು. ಉಪದೇಶವು ಬಂದದ್ದು ಆಮೇಲೆ. ಅದೂ ಮೆಲ್ಲನೆಯ ದನಿಯಲ್ಲಿ. ಕಡೆಗೆ ಅವನಿಗೆ ಎಲೀಷನೆಂಬ ಒಬ್ಬ ಜೊತೆಗಾರನೂ ದೊರಕಿದನು. ಬಳಲಿದವರಿಗೆ ಮಾಡತಕ್ಕ ಉಪಚಾರದ ಕ್ರಮವನ್ನು ಇದಕ್ಕಿಂತ ಚೆನ್ನಾಗಿ ಬೋಧಿಸುವ ವೃತ್ತಾಂತವನ್ನು ನಾವು ಕಾಣೆವು. ಮೊದಲು ನಿದ್ರೆ, ಆಹಾರ, ಆಮೇಲೆ ಮಾತು, ಆಮೇಲೆ ಕೆಲಸದಲ್ಲಿ ಹಂಚಿಕೆ.

ವಿಶ್ರಾಂತಿಯನ್ನು ಸೋಮಾರಿತನವೆಂದು ತಿಳಿಯಬಾರದು. ಏಳನೆಯ ದಿನ ಮನೆಯ ಆಳೂ ಎತ್ತೂ ದಣಿವಾರಿಸಿಕೊಳ್ಳಬೇಕೆಂದು ಧರ್ಮಶಾಸ್ತ್ರವು ವಿಧಿಸಿತು. ರೇಷ್ಮೆಹುಳುವು ಗೂಡು ಕಟ್ಟುವುದಕ್ಕೆ ಮೊದಲು ನಾಲ್ಕು ಸಾರಿ ಸೊಪ್ಪು ತಿನ್ನುವುದನ್ನು ನಿಲ್ಲಿಸಿ, ತಲೆಯೆತ್ತಿ ನಿಶ್ಚಲವಾಗಿದ್ದು ಪೊರೆ ಬಿಡುತ್ತದೆ. ಆ ಹೊತ್ತಿನಲ್ಲಿ ಅದನ್ನು ಅಲುಗಾಡಿಸುವ ರೈತನು ಬೆಳೆಯನ್ನೇ ಕಳೆದುಕೊಳ್ಳಬಹುದು.

ನಮ್ಮ ನಾಡಿನ ಹಿರಿಯರೂ ದುಡಿಮೆಯನ್ನು ಮನಸ್ಸಿನಿಂದ ಬೇರ್ಪಡಿಸಿದವರಲ್ಲ. ಹನ್ನೆರಡನೆಯ ಶತಮಾನದ ಶರಣರು ಅದಕ್ಕೆ ಕಾಯಕವೆಂಬ ಹೆಸರನ್ನಿಟ್ಟು, ಪೂಜೆಯ ಸ್ಥಾನವನ್ನು ಕೊಟ್ಟರು. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಆಯ್ದಕ್ಕಿ ಮಾರಯ್ಯನು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅವನ ಹೆಂಡತಿಯಾದ ಲಕ್ಕಮ್ಮನು ಅದನ್ನು ಒಪ್ಪದೆ, ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದಳೆಂಬ ಕಥೆಯನ್ನು ನೀವೆಲ್ಲರೂ ಕೇಳಿದ್ದೀರಿ. ಕೆಲಸಕ್ಕೂ ಆಸೆಗೂ ಮಿತಿಯಿರಬೇಕೆಂದು ಆ ಬಡ ಹೆಂಗಸು ಅರಿತಿದ್ದಳು. ಆದರೆ ಈ ಕಥೆಯನ್ನು ದುಡಿಸಿಕೊಳ್ಳುವವರು ತಮ್ಮ ಅನುಕೂಲಕ್ಕೆ ಹೇಳಬಾರದು. ತೃಪ್ತಿಯು ದುಡಿಯುವವಳು ತಾನಾಗಿ ಆರಿಸಿಕೊಳ್ಳತಕ್ಕ ಗುಣ. ಕೂಲಿ ಕೊಡುವವರು ಅವಳ ಮೇಲೆ ಹೇರತಕ್ಕ ನಿಯಮವಲ್ಲ.

ಇನ್ನು ಪೋಷಕರಿಗೆ ಕೆಲವು ಮಾತು. ಮಗಳಿಗೆ ನೌಕರಿ ಸಿಕ್ಕಿತೆಂದರೆ “ಸಂಬಳವೆಷ್ಟು?” ಎಂಬ ಪ್ರಶ್ನೆಯೇ ಮೊದಲು ಬರುವುದು ಸಹಜ. ಅದರ ಜೊತೆಗೆ, ಅಲ್ಲಿ ಅವಳ ಮಾತಿಗೆ ಬೆಲೆಯುಂಟೋ, ಕಲಿಯಲು ಅವಕಾಶವುಂಟೋ, ನಂಬಿಕಸ್ಥ ಜೊತೆಗಾರರುಂಟೋ ಎಂಬುದನ್ನೂ ಕೇಳಿರಿ. ದುಡಿದು ಬಂದ ಮಗಳಿಗೂ ಸೊಸೆಗೂ ಮನೆಯಲ್ಲಿ ಎರಡನೆಯ ದಿನಗೂಲಿಯನ್ನು ಕಾದಿರಿಸಬೇಡಿರಿ. ಗಂಡುಮಕ್ಕಳ ಕೈಗೂ ಪೊರಕೆ ಕೊಡಿರಿ. ಹಳೆಯ ವಿದ್ಯಾರ್ಥಿನಿಯರೇ, ನೀವು ಕೆಲಸದಲ್ಲಿ ಬಳಲಿದಾಗ ‘ನಾನು ದುರ್ಬಲಳು’ ಎಂದು ತೀರ್ಮಾನಿಸುವುದಕ್ಕೆ ಮೊದಲು, ಮೇಲೆ ಹೇಳಿದ ಮೂರು ಹುಳುಗಳಲ್ಲಿ ಯಾವುದು ನಿಮ್ಮನ್ನು ತಿನ್ನುತ್ತಿದೆಯೆಂದು ವಿಚಾರಮಾಡಿರಿ. ಕೆಲಸದ ದೋಷವನ್ನು ಸ್ವಭಾವದ ದೋಷವೆಂದು ಎಣಿಸುವವಳು ತನಗೆ ತಾನೇ ಅನ್ಯಾಯ ಮಾಡಿಕೊಳ್ಳುತ್ತಾಳೆ.

ವಾರಗಟ್ಟಲೆ ನಿದ್ದೆ ಬಾರದಿರುವುದು, ಊಟ ಸೇರದಿರುವುದು, ಯಾರೊಡನೆಯೂ ಮಾತು ಬೇಡವೆನಿಸುವುದು, ಬದುಕೇ ಬೇಡವೆಂಬ ಮಾತು ಬಾಯಲ್ಲಿ ಬರುವುದು, ಇವು ಯಾರಲ್ಲಿ ಕಂಡರೂ ತಡಮಾಡಕೂಡದು. ಜ್ವರ ಬಂದವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವಂತೆಯೇ ಇವರನ್ನೂ ಕರೆದುಕೊಂಡು ಹೋಗಬೇಕು; ಇದರಲ್ಲಿ ನಾಚಿಕೆಯೇನೂ ಇಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1974ರಿಂದ ನಮ್ಮ ರಾಜ್ಯದಲ್ಲಿಯೇ ಇಂಥವರ ಸೇವೆಯಲ್ಲಿದೆ. 2022ನೆಯ ಇಸವಿ ಅಕ್ಟೋಬರ್ 10ರಂದು ಸರ್ಕಾರವು ಟೆಲಿ ಮಾನಸ್ ಎಂಬ ದೂರವಾಣಿ ಸೇವೆಯನ್ನು ಆರಂಭಿಸಿದೆ. 14416 ಎಂಬ ಸಂಖ್ಯೆಗೆ ಹಗಲಿರುಳು ಯಾವ ಹೊತ್ತಿನಲ್ಲಾದರೂ ಖರ್ಚಿಲ್ಲದೆ ಮಾತಾಡಬಹುದು, ಕನ್ನಡದಲ್ಲಿಯೇ ಮಾತಾಡಬಹುದು. ಪ್ರಾಣ ಕಳೆದುಕೊಳ್ಳಲು ಯತ್ನಿಸಿದವರನ್ನು ಅಪರಾಧಿಗಳಂತೆ ಕಾಣದೆ, ತೀವ್ರವಾದ ಸಂಕಟದಲ್ಲಿದ್ದವರೆಂದು ಎಣಿಸಿ ಆರೈಕೆ ಮಾಡಬೇಕೆಂದು 2017ನೆಯ ಇಸವಿಯ ಮಾನಸಿಕ ಆರೋಗ್ಯ ರಕ್ಷಣೆಯ ಕಾನೂನು ಹೇಳುತ್ತದೆ. ಈ ಸಂಖ್ಯೆಯನ್ನು ಮನೆಯ ಗೋಡೆಯ ಪಂಚಾಂಗದ ಮೇಲೆ ಬರೆದಿಡಿರೆಂದು ಪ್ರತಿಯೊಬ್ಬ ಪೋಷಕರನ್ನೂ ಬೇಡುತ್ತೇವೆ.

ನಮ್ಮ ಶಾಲೆಯಲ್ಲಿ ಹುಡುಗಿಯರು ಪಾಠವಲ್ಲದೆ ಅಂಗಳ ಗುಡಿಸುವುದನ್ನೂ, ಗಿಡಗಳಿಗೆ ನೀರು ಹಾಕುವುದನ್ನೂ, ಹೊಲಿಗೆಯನ್ನೂ ಸರದಿಯಂತೆ ಮಾಡುತ್ತಾರೆ. “ಓದಲು ಕಳುಹಿಸಿದ ಮಕ್ಕಳಿಗೆ ಈ ಕೆಲಸವೇಕೆ?” ಎಂದು ಕೆಲವು ಪೋಷಕರು ಕೇಳಿರುವುದುಂಟು. ಕೆಲಸ ಮಾಡಿದವಳೇ ಕೆಲಸದವರನ್ನು ಗೌರವಿಸುವಳೆಂಬುದು ನಮ್ಮ ನಂಬಿಕೆ. ಗಿಡಕ್ಕೆ ನೀರು ಹಾಕಿದ ಹುಡುಗಿಯ ಹೆಸರನ್ನು ನಾವು ಪ್ರಾರ್ಥನೆಯ ಹೊತ್ತಿನಲ್ಲಿ ಓದಿ ಹೇಳುತ್ತೇವೆ. ಮಾಡಿದ ಕೆಲಸವು ಕಾಣದೆ ಹೋಗಬಾರದೆಂಬುದನ್ನು ಅವರು ಚಿಕ್ಕಂದಿನಲ್ಲಿಯೇ ತಿಳಿಯಲಿ. ಮುಂದೆ ಅವರ ಕೈಕೆಳಗೆ ನಾಲ್ಕು ಜನ ದುಡಿಯುವ ದಿನ ಬಂದರೆ, ಆ ನಾಲ್ವರ ಕೈಗಳನ್ನು ಮಾತ್ರವಲ್ಲದೆ ಮುಖಗಳನ್ನೂ ನೋಡುವ ಅಭ್ಯಾಸವು ಅವರಲ್ಲಿ ಉಳಿದಿರಲಿ. ದೇವರು ನಮ್ಮ ಎಲ್ಲ ಮಕ್ಕಳ ಕೈಕೆಲಸವನ್ನು ಆಶೀರ್ವದಿಸಲಿ. ದಿನದ ಕೊನೆಯಲ್ಲಿ ಅವರಿಗೆ ಒಳ್ಳೆಯ ನಿದ್ದೆಯನ್ನೂ ಅನುಗ್ರಹಿಸಲಿ.